ಕೌಟುಂಬಿಕ ಹಿಂಸೆ ಮತ್ತು ಆಪ್ತಸಮಾಲೋಚನೆ

ಕೌಟುಂಬಿಕ ಹಿಂಸೆಗೆ ಒಳಗಾದ ಮಹಿಳೆಯರಿಗೂ ಅವರ ಮಕ್ಕಳಿಗೂ ಮಾತುಕತೆಯ ಮೂಲಕ ಧೈರ್ಯ, ಸುರಕ್ಷತೆಯ ದಾರಿ ಹಾಗೂ ಕಾನೂನಿನ ಮಾಹಿತಿಯನ್ನು ಒದಗಿಸುವ ನೆರವಿಗೆ ಈ ಕ್ಷೇತ್ರದಲ್ಲಿ ಆಪ್ತಸಮಾಲೋಚನೆ ಎಂದು ಹೆಸರು. ಇದು ಊರ ಹಿರಿಯರು ನಡೆಸುವ ರಾಜಿ ಪಂಚಾಯಿತಿಗಿಂತ ಭಿನ್ನವಾದುದು. ರಾಜಿಯಲ್ಲಿ ಮನೆ ಒಡೆಯದಿರುವುದೇ ಗುರಿ. ಇಲ್ಲಿ ಮನೆಯೊಳಗಿನವರ ಸುರಕ್ಷತೆ ಗುರಿ. ಆದರೂ ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ’ ಎಂಬ ಬುದ್ಧಿಮಾತನ್ನೇ ಸಮಾಲೋಚನೆಯೆಂದು ತಿಳಿಯುವುದು ಸಾಮಾನ್ಯವಾಗಿದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ವಿವಾಹವಾದ 18ರಿಂದ 49 ವರ್ಷದ ಮಹಿಳೆಯರಲ್ಲಿ ಪತಿಯಿಂದ ಹಿಂಸೆ ಅನುಭವಿಸಿದವರ ಪ್ರಮಾಣ ದೇಶದಲ್ಲಿ ಶೇ. 29.3, ಕರ್ನಾಟಕದಲ್ಲಿ ಶೇ. 44.4. ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದವರಲ್ಲಿ ನೆರವು ಕೋರಿದವರು ದೇಶದಲ್ಲಿ ಶೇ. 14 ಮಾತ್ರ.

ಕಾನೂನಿನಲ್ಲಿ ಸ್ಥಾನ

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ, 2005, ದಿನಾಂಕ 26 ಅಕ್ಟೋಬರ್ 2006ರಂದು ಜಾರಿಗೆ ಬಂದಿತು. ದೈಹಿಕ ಮತ್ತು ಲೈಂಗಿಕ ಹಿಂಸೆಯ ಜೊತೆಗೆ ಬೈಗುಳ, ಮಾನಸಿಕ ಕಿರುಕುಳ ಹಾಗೂ ಆರ್ಥಿಕ ಶೋಷಣೆಯನ್ನೂ ಇದು ಹಿಂಸೆಯೆಂದು ಪರಿಗಣಿಸುತ್ತದೆ. 14ನೆಯ ಪ್ರಕರಣದಂತೆ ಮ್ಯಾಜಿಸ್ಟ್ರೇಟರು ಇಬ್ಬರನ್ನೂ ಪ್ರತ್ಯೇಕವಾಗಿ ಅಥವಾ ಒಟ್ಟಿಗೆ ಸಮಾಲೋಚನೆಗೆ ಕಳುಹಿಸಬಹುದು. ಮುಂದಿನ ವಿಚಾರಣೆಯನ್ನು ಎರಡು ತಿಂಗಳೊಳಗೆ ನಿಗದಿಪಡಿಸಬೇಕು.

2006ರ ನಿಯಮಗಳು ಇನ್ನೂ ಸ್ಪಷ್ಟವಾಗಿವೆ. ವಿವಾದದಲ್ಲಿ ಹಿತಾಸಕ್ತಿ ಉಳ್ಳವರೂ ಕಕ್ಷಿದಾರರ ಬಂಧುಗಳೂ ಸಮಾಲೋಚಕರಾಗುವಂತಿಲ್ಲ. ಸಾಧ್ಯವಾದಷ್ಟೂ ಮಹಿಳೆಯರನ್ನೇ ನೇಮಿಸಬೇಕು. ಹಿಂಸೆಯ ಕೃತ್ಯಕ್ಕೆ ಎದುರುಗಾರನು ಯಾವ ಸಮರ್ಥನೆಯನ್ನೂ ನೀಡುವಂತಿಲ್ಲ ಮತ್ತು ಇದನ್ನು ಅವನಿಗೆ ಮೊದಲೇ ತಿಳಿಸಬೇಕು. ‘ಅವಳು ಎದುರುತ್ತರ ಕೊಟ್ಟಳು, ಅದಕ್ಕೇ ಹೊಡೆದೆ’ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ಒಪ್ಪಂದದ ಪ್ರಯತ್ನ ನಡೆಯಬೇಕಾದುದು ನೊಂದವಳು ಬಯಸಿದಾಗ ಮಾತ್ರ.

ವಿಧಾನ

ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಕೈಪಿಡಿ ಆರೋಗ್ಯ ಕಾರ್ಯಕರ್ತರಿಗೆ ಐದು ಹೆಜ್ಜೆಗಳನ್ನು ಹೇಳುತ್ತದೆ: ಕೇಳಿಸಿಕೊಳ್ಳುವುದು, ಅಗತ್ಯಗಳನ್ನು ವಿಚಾರಿಸುವುದು, ನಂಬುವುದು, ಸುರಕ್ಷತೆಯನ್ನು ಹೆಚ್ಚಿಸುವುದು, ಮುಂದಿನ ನೆರವಿಗೆ ಜೋಡಿಸುವುದು. ಸುರಕ್ಷತಾ ಯೋಜನೆಯೆಂದರೆ ತೀರ ಲೌಕಿಕವಾದ ಸಂಗತಿಗಳು. ಆಧಾರ್, ಪಡಿತರ ಚೀಟಿ, ಮಕ್ಕಳ ಅಂಕಪಟ್ಟಿ ಎಲ್ಲಿವೆ? ಬಸ್ಸಿನ ಖರ್ಚಿಗೆ ಹಣವಿದೆಯೇ? ರಾತ್ರಿ ಬಾಗಿಲು ತೆರೆಯುವ ನೆರೆಮನೆ ಯಾವುದು? ಮನೆ ಬಿಟ್ಟು ಹೊರಡುವ ಹೊತ್ತಿನಲ್ಲಿ ಅಪಾಯ ಹೆಚ್ಚಾಗಬಹುದಾದ್ದರಿಂದ ಈ ಪ್ರಶ್ನೆಗಳು ಮೊದಲೇ ಬೇಕು. ಗಂಡನ ಎದುರಿಗೇ ಕೂರಿಸಿ ಕೇಳಿದರೆ ಭಯದಿಂದ ಸತ್ಯ ಹೊರಬರದೆ ಹೋಗಬಹುದು. ಆದುದರಿಂದ ಮೊದಲ ಮಾತುಕತೆ ಆಕೆಯೊಬ್ಬಳೊಂದಿಗೇ ನಡೆಯುವುದು ಯುಕ್ತ.

ಮಕ್ಕಳು

ಏಟು ತಿನ್ನದಿದ್ದರೂ ಕಂಡ ಮಕ್ಕಳಿಗೆ ಹಾನಿ ತಪ್ಪುವುದಿಲ್ಲ. ನಿದ್ರಾಭಂಗ, ಹಾಸಿಗೆ ಒದ್ದೆ ಮಾಡುವುದು, ಮೌನ, ಕಾರಣವಿಲ್ಲದ ಸಿಟ್ಟು ಕಾಣಿಸಬಹುದು. ಹಲವು ವೇಳೆ ಇದನ್ನು ಮೊದಲು ಗಮನಿಸುವವರು ಶಿಕ್ಷಕರು. ‘ಓದಿನಲ್ಲಿ ಹಿಂದೆ’ ಎಂದು ಬರೆದು ಸುಮ್ಮನಾಗುವವರೂ ಅವರೇ. ಸಣ್ಣ ಮಕ್ಕಳೊಡನೆ ಚಿತ್ರ ಮತ್ತು ಆಟದ ಮೂಲಕ ಮಾತು ತೆಗೆಯುತ್ತಾರೆ. ಜಗಳಕ್ಕೆ ತಾನೇ ಕಾರಣವೆಂದು ನಂಬಿರುವ ಮಗುವಿಗೆ ಅದು ಹಾಗಲ್ಲವೆಂದು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ತಂದೆತಾಯಿಯರ ನಡುವೆ ಸುದ್ದಿ ಒಯ್ಯುವ ಕೆಲಸವನ್ನು ಮಗುವಿಗೆ ಹೊರಿಸಬಾರದು. ತಂದೆಯ ಭೇಟಿಯಿಂದ ಮಗುವಿಗೆ ಹಾನಿಯೆಂದು ಕಂಡರೆ ನ್ಯಾಯಾಲಯವು 21ನೆಯ ಪ್ರಕರಣದಡಿ ಭೇಟಿಯನ್ನು ನಿರಾಕರಿಸಬೇಕು.

ಕರ್ನಾಟಕದಲ್ಲಿ

ರಾಜ್ಯದಲ್ಲಿ ಸಾಂತ್ವನ ಯೋಜನೆ 2000–01ರಲ್ಲಿ ಆರಂಭವಾಯಿತು. ಕೇಂದ್ರಗಳನ್ನು ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆಸಲಾಯಿತು. ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಕಾಯ್ದೆಯಡಿ ಸಂರಕ್ಷಣಾಧಿಕಾರಿಗಳು. ಅಂಗನವಾಡಿಗಳ ಹೊಣೆಯೂ ಅವರದೇ. 2015ರಿಂದ ಕೇಂದ್ರ ಸರ್ಕಾರದ ‘ಸಖಿ’ ಕೇಂದ್ರಗಳು ಸಮಾಲೋಚನೆ, ವೈದ್ಯಕೀಯ ಹಾಗೂ ಕಾನೂನು ನೆರವು, ತಾತ್ಕಾಲಿಕ ವಸತಿಗಳನ್ನು ಒಂದೇ ಕಡೆ ನೀಡುತ್ತಿವೆ. ಮಹಿಳೆಯರ ಸಹಾಯವಾಣಿ 181, ಮಕ್ಕಳದು 1098, ತುರ್ತು ಕರೆಗೆ 112.