ಗೆಜ್ಜೆ ಬಿಚ್ಚಿದ ಮೇಲಿನ ಲೆಕ್ಕಾಚಾರ: ಯಕ್ಷಗಾನ ಕಲಾವಿದರ ಮೇಳ ಬದಲಾವಣೆ

ಶಿರಸಿ: ಮೇ ತಿಂಗಳ ಕೊನೆಯ ವಾರದಲ್ಲಿ ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ರಂಗಸ್ಥಳದ ದೀಪ ಆರುತ್ತಿದ್ದಂತೆ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಹೋಟೆಲು, ಅಡಿಕೆ ವಖಾರಿ, ಸೊಸೈಟಿ ಜಗುಲಿಗಳಲ್ಲಿ ಮತ್ತೊಂದು ಆಟ ಆರಂಭವಾಗುತ್ತದೆ. ಬರುವ ತಿರುಗಾಟಕ್ಕೆ ಯಾವ ಭಾಗವತರು ಯಾವ ಮೇಳಕ್ಕೆ, ಎರಡನೇ ವೇಷಕ್ಕೆ ಯಾರು, ಬಿಟ್ಟುಹೋದ ಸ್ತ್ರೀವೇಷಧಾರಿಯ ಜಾಗಕ್ಕೆ ಬರುವವರಾರು ಎಂಬ ಚರ್ಚೆ ಮಳೆಯಷ್ಟೇ ಜೋರಾಗಿ ನಡೆಯುತ್ತದೆ. ‘ಭಾಗವತ್ರು ಮೇಳ ಬಿಟ್ವಡ, ಹೌದನಾ ಮಾರಾಯಾ?’ ಎಂಬ ಒಂದು ಪ್ರಶ್ನೆ ಸಾಕು, ಅರ್ಧ ದಿನದ ಮಾತಿಗೆ.

ಯುರೋಪಿನ ಫುಟ್‌ಬಾಲ್ ಅಭಿಮಾನಿಗಳು ಬೇಸಿಗೆಯ ಆಟಗಾರರ ವರ್ಗಾವಣೆಯನ್ನು ಕಾಯುವಂತೆ, ಉತ್ತರ ಕನ್ನಡದ ಯಕ್ಷಗಾನಾಸಕ್ತರು ಮೇಳಗಳ ಹೊಸ ಪಟ್ಟಿಯನ್ನು ಕಾಯುತ್ತಾರೆ. ಎರಡರ ನಡುವೆ ಸಾಮ್ಯವಿರುವಂತೆ ದೊಡ್ಡ ವ್ಯತ್ಯಾಸಗಳೂ ಇವೆ. ಈ ಬದಲಾವಣೆ ಹೇಗೆ ನಡೆಯುತ್ತದೆ, ಇದರಲ್ಲಿ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದರ ವಿವರ ಇಲ್ಲಿದೆ.

ತಿರುಗಾಟದ ವರ್ಷ

ಯಕ್ಷಗಾನದ ವರ್ಷ ಪಂಚಾಂಗದ ವರ್ಷವಲ್ಲ. ದೀಪಾವಳಿ ಕಳೆದ ಬಳಿಕ, ನವೆಂಬರ್-ಡಿಸೆಂಬರ್ ವೇಳೆಗೆ ಮೇಳಗಳು ತಮ್ಮ ದೇವರ ಸನ್ನಿಧಿಯಲ್ಲಿ ಗೆಜ್ಜೆ ಕಟ್ಟಿ ಮೊದಲ ಸೇವೆಯಾಟ ಆಡುತ್ತವೆ. ಅಲ್ಲಿಂದ ಸುಮಾರು ಆರು ತಿಂಗಳು ಊರಿಂದೂರಿಗೆ ಸಂಚಾರ. ತುಳು ತಿಂಗಳು ಬೇಶದ ಹತ್ತನೇ ದಿನವಾದ ಪತ್ತನಾಜೆ, ಅಂದರೆ ಮೇ 24-25ರ ಸುಮಾರಿಗೆ ತಿರುಗಾಟಕ್ಕೆ ತೆರೆ ಬೀಳುವುದು ಕರಾವಳಿಯ ರೂಢಿ. ಬಡಗಿನ ಮೇಳಗಳೂ ಹೆಚ್ಚುಕಡಿಮೆ ಅದೇ ವೇಳೆಗೆ ಆಟ ನಿಲ್ಲಿಸುತ್ತವೆ.

ಜೂನ್‌ನಿಂದ ಅಕ್ಟೋಬರ್‌ವರೆಗಿನ ಈ ಬಿಡುವೇ ಮೇಳ ಬದಲಾವಣೆಯ ಕಾಲ. ಫುಟ್‌ಬಾಲ್‌ನಲ್ಲಿ ಆಟಗಾರರ ನೋಂದಣಿಗೆ ಅವಧಿ ನಿಗದಿಪಡಿಸುವ ನಿಯಮವಿದೆ. ಇಲ್ಲಿ ಆ ನಿಯಮವನ್ನು ಬರೆದದ್ದು ಮಲೆನಾಡಿನ ಮಳೆ. ಬಯಲಲ್ಲಿ ಡೇರೆ ಹಾಕಲಾಗದ ತಿಂಗಳುಗಳಲ್ಲೇ ಯಜಮಾನರು ಮತ್ತು ಕಲಾವಿದರು ಮುಂದಿನ ವರ್ಷದ ಮಾತುಕತೆಗೆ ಕೂರುತ್ತಾರೆ.

ಎರಡು ಬಗೆಯ ಮೇಳಗಳು

ಬದಲಾವಣೆಯ ಸ್ವರೂಪ ಅರಿಯಲು ಮೇಳಗಳ ಬಗೆಯನ್ನು ಅರಿಯಬೇಕು. ಮೊದಲನೆಯದು ಹರಕೆ ಮೇಳ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆಯಂತಹ ಕ್ಷೇತ್ರಗಳ ಹೆಸರಿನಲ್ಲಿ ಹೊರಡುವ ಈ ಮೇಳಗಳಿಗೆ ಆಟ ಆಡಿಸುವವರು ಭಕ್ತರು. ಪ್ರೇಕ್ಷಕರಿಗೆ ಟಿಕೆಟ್ ಇಲ್ಲ. ಮಂದಾರ್ತಿಯಲ್ಲಿ ಹರಕೆಯಾಟದ ಸರದಿಗೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಹೀಗಾಗಿ ಯಾವ ಕಲಾವಿದ ಬಂದರೂ, ಹೋದರೂ ಇಂತಹ ಮೇಳದ ಆಟಗಳ ಸಂಖ್ಯೆ ಕುಂದುವುದಿಲ್ಲ.

ಎರಡನೆಯದು ಡೇರೆ ಮೇಳ. ಕಳೆದ ಶತಮಾನದ ಮಧ್ಯಭಾಗದಲ್ಲಿ ಬೆಳೆದುಬಂದ ಈ ಪದ್ಧತಿಯಲ್ಲಿ ಡೇರೆ ಹಾಕಿ, ಕುರ್ಚಿ ಇಟ್ಟು, ಟಿಕೆಟ್ ಮಾರಿ ಆಟ ನಡೆಸಲಾಗುತ್ತದೆ. ಸಾಲಿಗ್ರಾಮ ಮತ್ತು ಪೆರ್ಡೂರು ಮೇಳಗಳು ಬಡಗುತಿಟ್ಟಿನಲ್ಲಿ ಈ ಬಗೆಗೆ ಪ್ರಸಿದ್ಧ. ಕೋಟದ ಅಮೃತೇಶ್ವರಿ ಮೇಳವೂ ಒಂದು ಕಾಲಕ್ಕೆ ಇದೇ ಸಾಲಿನಲ್ಲಿ ಮೆರೆದಿತ್ತು. ಡೇರೆ ಮೇಳದ ಹಣೆಬರಹ ಬರೆಯುವುದು ಟಿಕೆಟ್ ಗಲ್ಲಾಪೆಟ್ಟಿಗೆ. ಗಲ್ಲಾಪೆಟ್ಟಿಗೆಯನ್ನು ತುಂಬಿಸುವುದು ಕಲಾವಿದರ ಹೆಸರು. ಆದ್ದರಿಂದ ಮೇಳ ಬದಲಾವಣೆಯ ಬಿಸಿ ಹೆಚ್ಚಾಗಿ ತಟ್ಟುವುದು ಇಲ್ಲಿಯೇ.

ಘಟ್ಟದ ಮೇಲಿನ ಮೂರು ತಾಲೂಕುಗಳು ಈ ಮೇಳಗಳಿಗೆ ಬಹುಮುಖ್ಯ ನೆಲೆ. ಕುಮಟಾದಿಂದ ದೇವಿಮನೆ ಘಟ್ಟ, ಹೊನ್ನಾವರದಿಂದ ಗೇರುಸೊಪ್ಪೆ-ಮಾವಿನಗುಂಡಿ ದಾರಿ, ಅಂಕೋಲಾದಿಂದ ಅರಬೈಲು ಘಟ್ಟ ಏರಿ ಬರುವ ಮೇಳದ ಲಾರಿಗಳಿಗೆ ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲವೇ ಸುಗ್ಗಿ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯ ದಿನಗಳಂತೂ ಮೇಳಗಳ ಪಾಲಿಗೆ ಬಲಾಬಲ ಪರೀಕ್ಷೆಯ ದಿನಗಳು.

ಯಾವ ಸ್ಥಾನಕ್ಕೆ ಯಾವ ಬೆಲೆ

ಮೇಳವೆಂದರೆ ಹಿಮ್ಮೇಳ ಮತ್ತು ಮುಮ್ಮೇಳ. ಹಿಮ್ಮೇಳದಲ್ಲಿ ಪ್ರಧಾನ ಭಾಗವತರು, ಸಹಭಾಗವತರು, ಮದ್ದಳೆ ಮತ್ತು ಚಂಡೆ ವಾದಕರು. ಮುಮ್ಮೇಳದಲ್ಲಿ ಎರಡನೇ ವೇಷ, ಪುರುಷವೇಷ, ಸ್ತ್ರೀವೇಷ, ಬಣ್ಣದ ವೇಷ, ಹಾಸ್ಯ ಮುಂತಾದ ಸ್ಥಾನಗಳು. ಕೆಳಗೆ ಕೋಡಂಗಿ, ಬಾಲಗೋಪಾಲ ವೇಷದ ಕಿರಿಯರು. ಜತೆಗೆ ವೇಷಭೂಷಣದವರು, ಅಡುಗೆಯವರು, ರಂಗಸ್ಥಳ ಕಟ್ಟುವವರು.

ಮೇಳ ಬದಲಾವಣೆಯಲ್ಲಿ ಅತಿ ಹೆಚ್ಚು ತೂಕ ಭಾಗವತರದ್ದು. ಆಟದ ನಿರ್ದೇಶಕರೂ ಅವರೇ ಆದ್ದರಿಂದ ಅವರು ಸ್ಥಳ ಬಿಟ್ಟರೆ ಮೇಳದ ಧ್ವನಿಯೇ ಬದಲಾಗುತ್ತದೆ. ಎಷ್ಟೋ ವೇಳೆ ಅವರ ಹಿಂದೆ ಮದ್ದಳೆಗಾರರೂ ಹೊರಡುತ್ತಾರೆ. ವರ್ಷಗಳಿಂದ ಕೂಡಿಬಂದ ಲಯವನ್ನು ಹೊಸಬರೊಡನೆ ಹೊಂದಿಸುವುದು ಸುಲಭವಲ್ಲ. ಬಳಿಕದ ಸ್ಥಾನ ಎರಡನೇ ವೇಷಧಾರಿಗೆ. ಜೋಡಿಯಾಗಿ ಹೆಸರಾದ ಪುರುಷವೇಷ-ಸ್ತ್ರೀವೇಷಗಳಲ್ಲಿ ಒಬ್ಬರು ಹೋದರೂ ಜೋಡಿ ಮುರಿದಂತೆ.

ಇದರ ಪರಿಣಾಮ ಪ್ರಸಂಗಗಳ ಮೇಲೂ ಆಗುತ್ತದೆ. ಡೇರೆ ಮೇಳಗಳು ವರ್ಷವರ್ಷವೂ ಹೊಸ ಪ್ರಸಂಗವನ್ನು ರಂಗಕ್ಕೆ ತರುತ್ತವೆ. ಪ್ರಸಂಗಕರ್ತರು ಮೇಳದಲ್ಲಿರುವ ಕಲಾವಿದರ ಶಕ್ತಿಯನ್ನು ನೋಡಿಕೊಂಡೇ ಪಾತ್ರ ಹೆಣೆಯುತ್ತಾರೆ. ಕಲಾವಿದ ಬದಲಾದರೆ ಕಳೆದ ವರ್ಷ ಗೆದ್ದ ಕಥೆಯೂ ಪೆಟ್ಟಿಗೆ ಸೇರಬೇಕಾದೀತು.

ಮುಂಗಡ ಎಂಬ ಕಟ್ಟು

ಫುಟ್‌ಬಾಲ್‌ನಲ್ಲಿ ಒಪ್ಪಂದದ ಅವಧಿ ಇರುವ ಆಟಗಾರನನ್ನು ಪಡೆಯಲು ಹೊಸ ಕ್ಲಬ್ಬು ಹಳೆಯ ಕ್ಲಬ್ಬಿಗೆ ಹಣ ತೆರಬೇಕು. ಒಪ್ಪಂದ ಮುಗಿದ ಬಳಿಕವೂ ಹಣ ಕೇಳುವ ಪದ್ಧತಿ ಯುರೋಪಿನಲ್ಲಿತ್ತು. ಬೆಲ್ಜಿಯಂನ ಆಟಗಾರ ಜಾನ್ ಮಾರ್ಕ್ ಬಾಸ್‌ಮನ್ ಹೂಡಿದ ಮೊಕದ್ದಮೆಯಲ್ಲಿ ಯುರೋಪಿಯನ್ ನ್ಯಾಯಾಲಯ 1995ರ ಡಿಸೆಂಬರ್‌ನಲ್ಲಿ ನೀಡಿದ ತೀರ್ಪು ಅದಕ್ಕೆ ಕೊನೆ ಹಾಡಿತು. ಅವಧಿ ಮುಗಿಸಿದ ಆಟಗಾರ ಅಂದಿನಿಂದ ಸ್ವತಂತ್ರ.

ಯಕ್ಷಗಾನದಲ್ಲಿ ಒಪ್ಪಂದ ಸಾಮಾನ್ಯವಾಗಿ ಒಂದೇ ತಿರುಗಾಟದ್ದು. ಅದೂ ಬಹುತೇಕ ಬಾಯಿಮಾತಿನದು. ಹಾಗೆ ನೋಡಿದರೆ ಇಲ್ಲಿ ಪ್ರತಿ ಕಲಾವಿದನೂ ಪ್ರತಿ ಮಳೆಗಾಲದಲ್ಲಿ ಸ್ವತಂತ್ರ. ಆದರೆ ಕಟ್ಟು ಬೇರೊಂದಿದೆ, ಅದುವೇ ಮುಂಗಡ. ಮಳೆಗಾಲದಲ್ಲಿ ಮೇಳದ ಸಂಬಳವಿಲ್ಲ. ಮಕ್ಕಳ ಶಾಲೆ, ಮನೆಯ ಮಾಡು, ಮದುವೆ, ಆಸ್ಪತ್ರೆ ಎಂದು ಖರ್ಚು ಬಂದಾಗ ಕಲಾವಿದ ಯಜಮಾನರಿಂದ ಮುಂಗಡ ಪಡೆಯುತ್ತಾನೆ. ತಿರುಗಾಟ ಆರಂಭವಾದ ಮೇಲೆ ಸಂಬಳದಲ್ಲಿ ಅದು ಮುರಿದುಹೋಗಬೇಕು. ಮುರಿಯದೆ ಉಳಿದರೆ ಬಾಕಿ ಮುಂದಿನ ವರ್ಷಕ್ಕೆ. ಬಾಕಿ ಉಳಿಸಿಕೊಂಡವನು ಮೇಳ ಬಿಡುವುದು ಮರ್ಯಾದೆಯಲ್ಲ. ಬಿಡಲೇಬೇಕೆಂದರೆ ಕರೆದೊಯ್ಯುವ ಯಜಮಾನರು ಹಳೆಯ ಬಾಕಿಯನ್ನು ತೀರಿಸಬೇಕು. ಆಗ ಸಾಲ ತೀರುವುದಿಲ್ಲ, ಸಾಲ ಕೊಟ್ಟವರು ಬದಲಾಗುತ್ತಾರೆ ಅಷ್ಟೆ.

ಮುಂಗಡವನ್ನು ಕೇವಲ ಶೋಷಣೆ ಎನ್ನುವಂತಿಲ್ಲ. ಬ್ಯಾಂಕಿನಲ್ಲಿ ಸಂಬಳದ ಚೀಟಿ ತೋರಿಸಲಾಗದ ಕಲಾವಿದನಿಗೆ ಬಡ್ಡಿಯ ಮಾತಿಲ್ಲದೆ ಸಿಗುವ ಸಾಲ ಇದೊಂದೇ ಆಗಿದ್ದ ಕಾಲವಿತ್ತು. ಆದರೆ ಮೇಳ ಬದಲಿಸುವ ಸ್ವಾತಂತ್ರ್ಯ ಹೆಸರಾದವರಿಗೆ ಇರುವಷ್ಟು ಕೆಳಗಿನ ವೇಷದವರಿಗೆ ಇಲ್ಲದಿರಲು ಇದೂ ಒಂದು ಕಾರಣ.

ಏಜೆಂಟರಿಲ್ಲ, ಕಂಟ್ರಾಕ್ಟರರಿದ್ದಾರೆ

ಫುಟ್‌ಬಾಲ್ ಆಟಗಾರರ ಪರವಾಗಿ ಮಾತನಾಡುವವರು ಏಜೆಂಟರು. ಅವರಿಗೆ ಪರೀಕ್ಷೆ ಮತ್ತು ಪರವಾನಗಿ ಕಡ್ಡಾಯಗೊಳಿಸುವ ವ್ಯವಸ್ಥೆಯನ್ನು ಜಾಗತಿಕ ಫುಟ್‌ಬಾಲ್ ಸಂಸ್ಥೆ ಫಿಫಾ 2023ರಲ್ಲಿ ಮತ್ತೆ ಜಾರಿಗೆ ತಂದಿತು. ಯಕ್ಷಗಾನ ಕಲಾವಿದನಿಗೆ ಅಂತಹ ಪ್ರತಿನಿಧಿ ಇಲ್ಲ. ಯಜಮಾನರ ಎದುರು ತನ್ನ ಬೆಲೆಯನ್ನು ತಾನೇ ಹೇಳಬೇಕು. ಹಿರಿಯರ ಮುಂದೆ ಹಣದ ಮಾತೆತ್ತಲು ಸಂಕೋಚಪಡುವವನು ಕೊಟ್ಟಷ್ಟಕ್ಕೇ ಒಪ್ಪಿ ಬರುತ್ತಾನೆ.

ಏಜೆಂಟರ ಪ್ರಭಾವಕ್ಕೆ ಸಮೀಪದ ಪ್ರಭಾವ ಇರುವುದು ಕಂಟ್ರಾಕ್ಟರರಿಗೆ. ಮೇಳಕ್ಕೆ ಇಂತಿಷ್ಟು ಎಂದು ಹಣ ಕೊಟ್ಟು ಒಂದು ರಾತ್ರಿಯ ಆಟ ಹಿಡಿಯುವ ಸ್ಥಳೀಯ ವ್ಯಕ್ತಿ ಅಥವಾ ಸಂಘಟನೆಯೇ ಕಂಟ್ರಾಕ್ಟರ್. ಜಾಗ, ಪ್ರಚಾರ, ಟಿಕೆಟ್ ಮಾರಾಟ ಎಲ್ಲವೂ ಅವರ ಹೊಣೆ. ಲಾಭ ಬಂದರೆ ಅವರಿಗೆ. ಮಳೆ ಹೊಡೆದು ಜನ ಬಾರದಿದ್ದರೆ ನಷ್ಟವೂ ಅವರಿಗೇ. ‘ಇಂಥವರಿದ್ದರೆ ಮಾತ್ರ ಆಟ ಹಿಡಿಯುತ್ತೇವೆ’ ಎಂದು ಕಂಟ್ರಾಕ್ಟರರು ಹೇಳಿದರೆ ಯಜಮಾನರು ಕೇಳಲೇಬೇಕು. ಶಿರಸಿ ಅಥವಾ ಸಿದ್ದಾಪುರದಲ್ಲಿ ನಾಲ್ಕು ಆಟ ಹಿಡಿಯುವವರ ಅಭಿಪ್ರಾಯ ಕೋಟ, ಕುಂದಾಪುರದಲ್ಲಿ ಕುಳಿತ ಯಜಮಾನರ ಪಟ್ಟಿಯನ್ನು ತಿದ್ದುವುದು ಹೀಗೆ.

ಬಿಟ್ಟವರು, ಉಳಿದವರು

ಬಡಗುತಿಟ್ಟಿನ ಇತಿಹಾಸದಲ್ಲಿ ಎರಡೂ ಬಗೆಯ ಹಿರಿಯರಿದ್ದಾರೆ. ಹೊನ್ನಾವರ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆ (1933-2017) ಅಮೃತೇಶ್ವರಿ ಸೇರಿದಂತೆ ಹಲವು ಮೇಳಗಳಲ್ಲಿ ತಿರುಗಾಟ ಮಾಡಿದವರು. ಕೀಚಕ, ಭಸ್ಮಾಸುರ, ದುಷ್ಟಬುದ್ಧಿ ಪಾತ್ರಗಳಿಂದ ಮನೆಮಾತಾದ ಅವರಿಗೆ 2012ರಲ್ಲಿ ಪದ್ಮಶ್ರೀ ಸಂದಿತು. ಚಿಟ್ಟಾಣಿ ಎಲ್ಲಿದ್ದಾರೋ ಅದೇ ನಮ್ಮ ಮೇಳ ಎನ್ನುತ್ತಿದ್ದ ಅಭಿಮಾನಿಗಳ ದೊಡ್ಡ ಬಳಗವೇ ಘಟ್ಟದ ಮೇಲೆ ಇತ್ತು.

ಇನ್ನೊಂದು ತುದಿಯಲ್ಲಿ ಶಿರಸಿ ಸೀಮೆಯ ನೆಬ್ಬೂರು ನಾರಾಯಣ ಭಾಗವತರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಸ್ಥಾಪಿಸಿದ ಇಡಗುಂಜಿ ಮೇಳದಲ್ಲಿ ಅವರು ದಶಕಗಳ ಕಾಲ ಹಾಡಿದರು. ಶಂಭು ಹೆಗಡೆಯವರ ಅಭಿನಯ ಮತ್ತು ನೆಬ್ಬೂರರ ಪದ್ಯ ಒಂದನ್ನೊಂದು ಬಿಟ್ಟು ನೆನಪಾಗದಷ್ಟು ಬೆಸೆದುಕೊಂಡಿದ್ದವು. ಶಂಭು ಹೆಗಡೆ 2009ರಲ್ಲಿ, ನೆಬ್ಬೂರು 2019ರಲ್ಲಿ ನಿಧನರಾದರು.

ಒಬ್ಬ ಕಲಾವಿದನ ಮೇಲೆ ಮೇಳವೊಂದು ಎಷ್ಟು ನಿಂತಿರಬಹುದು ಎಂಬುದಕ್ಕೆ ಸಾಲಿಗ್ರಾಮ ಮೇಳದ ಪ್ರಧಾನ ಭಾಗವತರಾಗಿದ್ದ ಗುಂಡ್ಮಿ ಕಾಳಿಂಗ ನಾವಡರು ನಿದರ್ಶನ. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ಮೃತಪಟ್ಟಾಗ ಅವರಿಗಿನ್ನೂ ಮೂವತ್ತೆರಡು ತುಂಬಿರಲಿಲ್ಲ. ಅವರ ಕ್ಯಾಸೆಟ್‌ಗಳು ಆ ಬಳಿಕವೂ ಮನೆಮನೆಗಳಲ್ಲಿ ಹಾಡುತ್ತಿದ್ದವು. ನಂತರದ ಎಷ್ಟೋ ಭಾಗವತರನ್ನು ಪ್ರೇಕ್ಷಕರು ಅಳೆದದ್ದು ನಾವಡರ ಅಳತೆಗೋಲಿನಿಂದ. ಪೆರ್ಡೂರು ಮೇಳದಲ್ಲಿ ದೀರ್ಘಕಾಲ ಹಾಡಿ ತಮ್ಮದೇ ಪ್ರೇಕ್ಷಕ ವರ್ಗ ಕಟ್ಟಿದ ಸುಬ್ರಹ್ಮಣ್ಯ ಧಾರೇಶ್ವರರು 2024ರಲ್ಲಿ ನಿಧನರಾದರು.

ತೆಂಕುತಿಟ್ಟಿನಲ್ಲಿ ಇತ್ತೀಚೆಗೆ ಅತಿ ಹೆಚ್ಚು ಸುದ್ದಿಯಾದ ಬದಲಾವಣೆ ಭಾಗವತ ಪಟ್ಲ ಸತೀಶ ಶೆಟ್ಟಿಯವರದ್ದು. 2019ರ ನವೆಂಬರ್‌ನಲ್ಲಿ ಅವರ ಕಟೀಲು ಮೇಳದ ನಂಟು ಕಡಿಯಿತು. 2020ರಲ್ಲಿ ಹೊಸದಾಗಿ ಹೊರಟ ಪಾವಂಜೆ ಮೇಳದಲ್ಲಿ ಅವರು ಮುಂದುವರಿದರು. ಈ ಪ್ರಕರಣ ಕರಾವಳಿಯಾಚೆಯ ಪತ್ರಿಕೆಗಳಲ್ಲೂ ಚರ್ಚೆಗೆ ಬಂತು.

ಅಭಿಮಾನಿಗಳ ವಾದ

ಮೂರು ತಾಲೂಕುಗಳಲ್ಲಿ ಕೇಳಿಬರುವ ವಾದಗಳನ್ನು ಎರಡು ಪಕ್ಷವಾಗಿ ವಿಂಗಡಿಸಬಹುದು. ಮೊದಲನೆಯದು ಮೇಳನಿಷ್ಠರ ಪಕ್ಷ. ಮೇಳಕ್ಕೆ ಒಂದು ಶಿಸ್ತು, ಒಂದು ಶೈಲಿ ಇರಬೇಕು. ವರ್ಷಕ್ಕೊಂದು ಮೇಳ ತಿರುಗಿದರೆ ಯಾವ ಪರಂಪರೆಯೂ ಮೈಗೂಡುವುದಿಲ್ಲ ಎಂಬುದು ಇವರ ನಿಲುವು. ಕೆರೆಮನೆಯಂತಹ ಮೇಳ ತಲೆಮಾರುಗಳ ಕಾಲ ಒಂದೇ ಗುಣಮಟ್ಟ ಉಳಿಸಿಕೊಂಡದ್ದು ಇದರಿಂದಲೇ ಎಂದು ಇವರು ಬೊಟ್ಟು ಮಾಡುತ್ತಾರೆ.

ಎರಡನೆಯದು ಕಲಾವಿದನ ಪಕ್ಷ. ಕಲಾವಿದನ ಕಾಲು ಗಟ್ಟಿ ಇರುವುದು ಇಪ್ಪತ್ತು, ಇಪ್ಪತ್ತೈದು ವರ್ಷ. ಅಷ್ಟರಲ್ಲಿ ಮನೆ ಕಟ್ಟಿ, ಮಕ್ಕಳನ್ನು ಓದಿಸಬೇಕು. ಹೆಚ್ಚು ಕೊಡುವವರಲ್ಲಿಗೆ ಹೋಗುವುದು ತಪ್ಪೆನ್ನಲು ಟಿಕೆಟ್ ಕೊಂಡು ಆಟ ನೋಡುವವರಿಗೆ ಅಧಿಕಾರವಿಲ್ಲ ಎಂಬುದು ಇವರ ಪ್ರಶ್ನೆ. ಹೊಸ ಮೇಳದಲ್ಲಿ ಹೊಸ ಎದುರಾಳಿ ವೇಷಧಾರಿ ಸಿಕ್ಕಿ ಕಲಾವಿದ ಬೆಳೆದ ಉದಾಹರಣೆಗಳೂ ಇವರ ಬತ್ತಳಿಕೆಯಲ್ಲಿವೆ.

ಈ ವಾದಗಳಿಗೆ ತೀರ್ಪು ಸಿಗುತ್ತಿದ್ದ ಜಾಗವೆಂದರೆ ಜೋಡಾಟ. ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಒಂದೇ ಪ್ರಸಂಗವನ್ನು ಪೈಪೋಟಿಯಲ್ಲಿ ಆಡುವಾಗ ಜನ ಯಾವ ಕಡೆ ತಿರುಗಿ ಕೂರುತ್ತಾರೆ ಎಂಬುದೇ ಫಲಿತಾಂಶ. ಕಳೆದ ವರ್ಷ ಈ ಕಡೆ ಕುಣಿದವನು ಈ ವರ್ಷ ಆ ಕಡೆ ನಿಂತಿದ್ದರಂತೂ ಕೇಳುವುದೇ ಬೇಡ.

ಬದಲಾದ ಕಾಲ

ಈಗ ಬದಲಾವಣೆಯ ಅರ್ಥವೇ ಬದಲಾಗುತ್ತಿದೆ. ಇಡೀ ರಾತ್ರಿಯ ಆಟಗಳ ಜಾಗಕ್ಕೆ ಕಾಲಮಿತಿಯ ಪ್ರದರ್ಶನಗಳು ಬಂದಿವೆ. ಸಂಘಟಕರು ಬೇರೆ ಬೇರೆ ಮೇಳದ ಹೆಸರಾಂತರನ್ನು ಒಂದೇ ರಂಗಕ್ಕೆ ಕರೆಸುವ ಅತಿಥಿ ಕಲಾವಿದರ ಆಟ ಹೆಚ್ಚಿದೆ. ಬೆಂಗಳೂರು, ಮುಂಬೈಗಳಲ್ಲಿ ಮಳೆಗಾಲದ ಪ್ರದರ್ಶನಗಳು, ಊರಿನಲ್ಲಿ ತಾಳಮದ್ದಳೆ ಕೂಟಗಳು ಹೆಸರಿದ್ದವರಿಗೆ ಬಿಡುವನ್ನೇ ಉಳಿಸುವುದಿಲ್ಲ. ಕೊಂಡದಕುಳಿ ರಾಮಚಂದ್ರ ಹೆಗಡೆಯವರಂತೆ ಸ್ವಂತ ಮಂಡಳಿ ಕಟ್ಟಿದವರೂ ಇದ್ದಾರೆ. ಇವರಿಗೆ ಮೇಳದ ಹಂಗು ಕಡಿಮೆ.

ಆದರೆ ಒಂದು ಮೇಳದಲ್ಲಿ ಹೆಸರು ಹೇಳಿ ಕರೆಸಿಕೊಳ್ಳುವವರು ನಾಲ್ಕಾರು ಮಂದಿ. ಉಳಿದವರಿಗೆ ಮೇಳವೇ ಅನ್ನ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್‌ನಿಂದಾಗಿ ತಿರುಗಾಟ ನಡುವಿನಲ್ಲೇ ನಿಂತಾಗ ಮೊದಲು ತತ್ತರಿಸಿದವರು ಇವರೇ. ಉಡುಪಿಯಲ್ಲಿ 1975ರಲ್ಲಿ ಆರಂಭವಾದ ಯಕ್ಷಗಾನ ಕಲಾರಂಗವು ಯಕ್ಷನಿಧಿಯ ಮೂಲಕ ಕಲಾವಿದರಿಗೆ ವಿಮೆ, ಮನೆ ನಿರ್ಮಾಣ, ಮಕ್ಕಳ ಓದಿಗೆ ನೆರವು ನೀಡುತ್ತ ಬಂದಿದೆ. ಇಂತಹ ಆಸರೆ ಇದ್ದಷ್ಟೂ ಕಲಾವಿದ ಮುಂಗಡದ ಹಂಗಿಲ್ಲದೆ ಮಾತುಕತೆಗೆ ಕೂರಬಲ್ಲ.

ಮುಂದಿನ ದೀಪಾವಳಿಗೆ ಹೊಸ ಪಟ್ಟಿ ಹೊರಬೀಳುತ್ತದೆ. ಭಾಗವತರ ಹೆಸರು ದೊಡ್ಡ ಅಕ್ಷರದಲ್ಲಿ, ಎರಡನೇ ವೇಷದ್ದು ಅದರ ಕೆಳಗೆ. ಕೋಡಂಗಿ ವೇಷದ ಹುಡುಗ ಈ ವರ್ಷವೂ ಅದೇ ಮೇಳದಲ್ಲಿ ಉಳಿದನೇ, ಉಳಿದದ್ದು ಇಷ್ಟಪಟ್ಟೇ ಅಥವಾ ಬಾಕಿಗಾಗಿಯೇ ಎಂಬುದು ಕರಪತ್ರದಲ್ಲಿ ಅಚ್ಚಾಗುವುದಿಲ್ಲ.