ಹಾಳೆಯ ಮೇಲೆ ಹಾಳೆ: ನೀರಿನ ದಾರಿಯ ನಕ್ಷೆ

ಕಲಬುರಗಿಯ ಕುಸನೂರಿನ ಕಡೆ ಜೋರು ಮಳೆ ಬಿತ್ತೆನ್ನಿ. ಯಾವ ಓಣಿಗೆ ಮೊದಲು ನೀರು ನುಗ್ಗುತ್ತದೆ? ಉತ್ತರ ಹೇಳಲು ನಿಮಗೆ ನಾಲ್ಕು ನಕ್ಷೆಗಳಾದರೂ ಬೇಕು: ನೆಲದ ಇಳಿಜಾರಿನದು, ಮಣ್ಣಿನದು, ಕೆರೆ-ಹಳ್ಳಗಳದು, ಮನೆ-ರಸ್ತೆ-ಚರಂಡಿಗಳದು. ಈ ಭಾಗದ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ನೆನೆದು ಉಬ್ಬಿದ ಮೇಲೆ ನೀರನ್ನು ಬಹಳ ನಿಧಾನವಾಗಿ ಇಂಗಿಸಿಕೊಳ್ಳುತ್ತದೆ. ಮೇಲೆ ಕಾಂಕ್ರೀಟ್ ಬಿದ್ದರಂತೂ ಹೇಳುವುದೇ ಬೇಡ.

ನಕ್ಷೆಗಳನ್ನು ಪಾರದರ್ಶಕ ಹಾಳೆಗಳಲ್ಲಿ ಬರೆದು ಒಂದರ ಮೇಲೊಂದಿಟ್ಟು ನೋಡುವುದು ಹಳೆಯ ಉಪಾಯ. ಕೀನ್ಯಾದಲ್ಲಿ ನೆಡುತೋಪಿಗೆ ಜಾಗ ಹುಡುಕುವ ಕೆಲಸ ಬಂದಾಗ ಭೂಗೋಳತಜ್ಞ ರೋಜರ್ ಟಾಮ್ಲಿನ್‌ಸನ್ ಅವರಿಗೆ ಅದರ ಮಿತಿ ಕಂಡಿತು. ಕೈಯಿಂದ ಮಾಡಿದರೆ ಖರ್ಚು ಕೈಮೀರುತ್ತಿತ್ತು. ಕಂಪ್ಯೂಟರಿಗೇ ಏಕೆ ಒಪ್ಪಿಸಬಾರದು? ಆ ಯೋಚನೆ 1960ರ ದಶಕದಲ್ಲಿ ಕೆನಡಾ ಸರ್ಕಾರದ ಭೂಸಮೀಕ್ಷೆಯಲ್ಲಿ ಕೈಗೂಡಿತು. ಅದೇ ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿ.ಐ.ಎಸ್. ಗಮನಿಸಿ, ಅದು ಹುಟ್ಟಿದ್ದು ಪ್ರವಾಹಕ್ಕಾಗಿ ಅಲ್ಲ, ಹೊಲ-ಕಾಡುಗಳ ಲೆಕ್ಕಕ್ಕಾಗಿ.

ನಮ್ಮ ಐ.ಆರ್.ಎಸ್.-1ಎ ಉಪಗ್ರಹ 1988ರ ಮಾರ್ಚ್‌ನಲ್ಲಿ ಹಾರಿ ನೆಲದ ಚಿತ್ರಗಳನ್ನು ಕಳಿಸತೊಡಗಿತು. 2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ನೌಕೆ ರೇಡಾರ್‌ನಿಂದ ಭೂಮಿಯ ಬಹುಭಾಗದ ಎತ್ತರ-ತಗ್ಗು ಅಳೆಯಿತು. ಎತ್ತರ ಗೊತ್ತಾದರೆ ಸಾಕು, ಕಂಪ್ಯೂಟರು ಪ್ರತಿ ಚೌಕದ ನೀರನ್ನು ಪಕ್ಕದ ಅತಿ ತಗ್ಗಿನ ಚೌಕಕ್ಕೆ ಹರಿಸುತ್ತ ಹೋಗುತ್ತದೆ. ಹಳ್ಳದ ಗೆರೆ ತಾನಾಗಿ ಮೂಡುತ್ತದೆ. ಬಡಾವಣೆಯ ನಕ್ಷೆಯಿಂದ ಅಳಿಸಿಹೋದ ಹಳ್ಳ ಕೂಡ ಎಷ್ಟೋ ಸಲ ಇಲ್ಲಿ ಎದ್ದು ಬರುತ್ತದೆ. ಅಗ್ಗವೆಂದು ಅಲ್ಲಿ ಸೈಟು ಕೊಂಡವರಿಗೆ ಅದನ್ನು ಮೊದಲೇ ಯಾರು ತೋರಿಸಿದ್ದರು?

ಬೆಂಗಳೂರನ್ನು ನೋಡಿ. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2020ರಲ್ಲಿ ‘ಮೇಘ ಸಂದೇಶ’ ಎಂಬ ಮುನ್ಸೂಚನೆಯ ಮೊಬೈಲ್ ಆ್ಯಪ್ ಹೊರತಂದವು. ಆದರೂ 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಮಹದೇವಪುರದ ಕಡೆ ಮನೆಗಳಿಗೆ ನೀರು ಹೊಕ್ಕಿತು. ಎಚ್ಚರಿಕೆ ಬಂದಿತೆಂದು ಮನೆಯನ್ನು ಎತ್ತಿ ಬೇರೆಡೆ ಇಡಲಾಗದಲ್ಲ!

ಇನ್ನೊಂದು ತೊಡಕು. ಎಂಡೆವರ್ ಲೆಕ್ಕದಲ್ಲಿ ಸುಮಾರು 30 ಮೀಟರಿನ ಚೌಕಕ್ಕೆ ಒಂದೇ ಎತ್ತರ. ಅದರಲ್ಲೂ ಕೆಲವು ಮೀಟರು ಹೆಚ್ಚುಕಡಿಮೆ. ಬಯಲುನಾಡಿನ ಊರಿನಲ್ಲಿ ಮೊಳದಷ್ಟು ಏರಿಸಿದ ರಸ್ತೆಯೂ ನೀರನ್ನು ಈ ಓಣಿಯಿಂದ ಆ ಓಣಿಗೆ ತಿರುಗಿಸಬಲ್ಲದು. ಹಾಗಾಗಿ ನೆಲಕ್ಕಿಳಿದು ಮಟ್ಟ ಅಳೆಯಬೇಕು. ಹಿಂದಿನ ಮಳೆಯಲ್ಲಿ ನೀರು ಗೋಡೆಯ ಎಷ್ಟು ಎತ್ತರಕ್ಕೆ ನಿಂತಿತ್ತೆಂದು ಮನೆಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಬೇಕು. ಕುಸನೂರಿನ ನಾಲ್ಕು ನಕ್ಷೆಗಳ ಮೇಲೆ ಇಡಬೇಕಾದ ಐದನೆಯ ಹಾಳೆ ಅದು.