ಕೊಂಬೆಯೂ ಅಟ್ಟಣೆಯೂ

ಬೇಟೆಯ ಚರಿತ್ರೆಯೆಂದರೆ ಅರಸರ ಆನೆ ಕುದುರೆಗಳ, ಬಿಲ್ಲು ಕೋವಿಗಳ ಚರಿತ್ರೆಯೆಂದು ಭಾವಿಸುವುದು ವಾಡಿಕೆ. ಆದರೆ ಬೇಟೆಗಾರನು ಎಲ್ಲಿ ಕುಳಿತು ಕಾದನು ಎಂಬುದೂ ಚರಿತ್ರೆಯ ಪ್ರಶ್ನೆಯೇ ಆಗಿದೆ. ಕಡವೆ, ಜಿಂಕೆ, ಕಾಡುಕುರಿಗಳಿಗಾಗಿ ಮರವನ್ನೇರಿದವನಿಗೆ ಎರಡು ಮಾರ್ಗಗಳಿದ್ದವು. ಆ ದಿನಕ್ಕೆ ತಕ್ಕ ಮರವೊಂದನ್ನು ಆರಿಸಿ, ತನ್ನ ಕೈಕಾಲುಗಳ ಬಲದಿಂದಲೇ ಏರಿ, ಕವಲಿನಲ್ಲಿ ಕುಳಿತು, ಕೆಲಸ ಮುಗಿದೊಡನೆ ಇಳಿದುಹೋಗುವುದು ಒಂದು. ಮೊದಲೇ ಗೊತ್ತುಮಾಡಿದ ಮರಕ್ಕೆ ಗಳುಗಳನ್ನು ಬಿಗಿದು, ಅಟ್ಟಣೆಯನ್ನು ಕಟ್ಟಿ, ದಿನದಿನವೂ ಅಲ್ಲಿಯೇ ಬಂದು ಕೂಡುವುದು ಇನ್ನೊಂದು. ಉಡುಪಿ, ಕಾರ್ಕಳದ ಸೀಮೆಯನ್ನು ಮುಂದಿಟ್ಟುಕೊಂಡು ಈ ಎರಡನ್ನೂ ಇಲ್ಲಿ ವಿಚಾರಮಾಡೋಣ. ಈ ಆಯ್ಕೆಯಲ್ಲಿ ಸೌಕರ್ಯದ ಮಾತು ಎಷ್ಟಿತ್ತೋ, ಕಾಡಿನ ಮೇಲೆ ಯಾರಿಗೆ ಎಷ್ಟು ಹಕ್ಕು ಎಂಬ ಮಾತೂ ಅಷ್ಟೇ ಇತ್ತೆಂಬುದು ನಮ್ಮ ಅಭಿಪ್ರಾಯ.

ಮೊದಲು ನೆಲದ ಸ್ವರೂಪವನ್ನು ನೋಡಬೇಕು. ಕಾಪುವಿನ ಕಡಲ ತೀರದಿಂದ ಪೂರ್ವಕ್ಕೆ ಸುಮಾರು 40 ಕಿಲೋಮೀಟರು ನಡೆದರೆ ಘಟ್ಟದ ಬುಡ ಸಿಕ್ಕುತ್ತದೆ. ತೀರದಲ್ಲಿ ತೆಂಗು, ಉಡುಪಿಯ ಸುತ್ತ ಬತ್ತದ ಬಯಲು, ಅಲ್ಲಿಂದ ಮೇಲಕ್ಕೆ ಮಣಿಪಾಲದ ಮುರಕಲ್ಲಿನ ಗುಡ್ಡ. 1953ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿತವಾಗಿ ವಿದ್ಯಾನಗರಿಯು ಬೆಳೆಯುವುದಕ್ಕೆ ಮುಂಚೆ ಆ ಗುಡ್ಡವು ಹುಲ್ಲು, ಕುರುಚಲುಗಳ ತಾಣವಾಗಿತ್ತು. ಕಾರ್ಕಳದ ಕರಿಯ ಬಂಡೆಗಳನ್ನು ದಾಟಿ ಮಾಳ, ಹೆಬ್ರಿಗಳ ಕಡೆಗೆ ಹೋದಂತೆ ಧೂಪ, ಬೋಗಿ, ಹೆಬ್ಬಲಸುಗಳು ಕಂಬದಂತೆ ನೆಟ್ಟಗೆ ನಿಲ್ಲುತ್ತವೆ. ಮುರಕಲ್ಲಿನ ಗುಡ್ಡದ ಗಿಡ್ಡಮರಗಳಿಗೆ ಆಳೆತ್ತರದಲ್ಲಿಯೇ ಕವಲುಂಟು, ಹುಡುಗನೂ ಏರಬಲ್ಲನು. ಘಟ್ಟದ ಮರಗಳಿಗಾದರೋ ಬಹು ಎತ್ತರದವರೆಗೆ ಕೊಂಬೆಯೇ ಇಲ್ಲ. ಅಲ್ಲಿ ಗಣ್ಣಿನ ಕವಲುಗಳನ್ನು ಮೆಟ್ಟಿಲಿಗಾಗಿ ಉಳಿಸಿದ ಒಂಟಿ ಬಿದಿರಿನ ಏಣಿಯಾದರೂ ಬೇಕು, ಇಲ್ಲವೆ ಕಳ್ಳಿಳಿಸುವವರಂತೆ ಪಾದಗಳಿಗೆ ಹಗ್ಗದ ಬಳೆಯನ್ನು ಸಿಕ್ಕಿಸಿ ಏರುವ ಅಭ್ಯಾಸವಾದರೂ ಬೇಕು. ತಾಳೆ, ತೆಂಗು, ಅಡಕೆಗಳನ್ನು ದಿನವೂ ಏರಿಳಿಯುವ ಕರಾವಳಿಯ ಜನರಿಗೆ ಈ ವಿದ್ಯೆ ಹೊಟ್ಟೆಪಾಡಿನಿಂದಲೇ ಬಂದಿತ್ತು.

ಇನ್ನು ಎರಡು ಮಾರ್ಗಗಳ ಗುಣದೋಷಗಳು. ಜಿಂಕೆಯ ಜಾತಿಗೆ ಕಣ್ಣಿಗಿಂತ ಮೂಗು ದೊಡ್ಡ ಕಾವಲುಗಾರ. ಬಿಸಿಲೇರಿದಂತೆ ಗಾಳಿಯು ಕಣಿವೆಯಿಂದ ಗುಡ್ಡದ ಮೇಲಕ್ಕೆ ಚಲಿಸುತ್ತದೆ. ಸಂಜೆ ನೆಲ ತಣ್ಣಗಾದೊಡನೆ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ. ಮರವನ್ನೇರಿದವನ ವಾಸನೆ ಮೃಗದ ತಲೆಯ ಮೇಲೆ ಹಾದುಹೋಗುವ ಸಂಭವವಿರುವುದರಿಂದಲೇ ಮರಕ್ಕೆ ಇಷ್ಟು ಬೆಲೆ. ಕೊಂಬೆಯನ್ನು ನೆಚ್ಚಿದವನು ಇಂದು ಗಾಳಿ ಹೇಗಿದೆಯೋ ಹಾಗೆ ಮರವನ್ನು ಬದಲಾಯಿಸಬಹುದು. ಈ ವಾರ ನೆಲ್ಲಿ ಉದುರಿದರೆ ಅಲ್ಲಿಗೂ, ಮುಂದಿನ ವಾರ ತಾರೆಯ ಕಾಯಿ ಉದುರಿದರೆ ಇಲ್ಲಿಗೂ ಹೋಗಬಹುದು. ಅಟ್ಟಣೆಯವನಿಗೆ ಈ ಸ್ವಾತಂತ್ರ್ಯವಿಲ್ಲ. ಅವನು ಮೃಗಗಳ ದಾರಿಯನ್ನು ಮೊದಲೇ ಬಲ್ಲವನಾಗಿರಬೇಕು. ಹೊಸದಾಗಿ ಕಡಿದ ಕೊಂಬೆಗಳ ಗಾಯವು ಮಾಸಿ, ಮೃಗಗಳಿಗೆ ಆ ಆಕಾರವು ರೂಢಿಯಾಗುವಂತೆ ಎಷ್ಟೋ ದಿನ ಮುಂಚಿತವಾಗಿ ಕಟ್ಟಿರಬೇಕು.

ಆದರೆ ಕೊಂಬೆಯ ಮೇಲೆ ಎರಡು ಗಳಿಗೆ ಕಳೆಯುವುದರೊಳಗೆ ಕಾಲು ಜೋಮು ಹಿಡಿಯುತ್ತದೆ. ಮೈ ಅಲುಗಿದರೆ ಎಲೆ ಅಲುಗುತ್ತದೆ. ತೂಕಡಿಸಿದರೆ ಪ್ರಾಣಕ್ಕೇ ಅಪಾಯ. ಅಟ್ಟಣೆಯ ಮೇಲೆ ಕಂಬಳಿ ಹಾಸಿ, ಮೊಣಕೈ ಊರಿ, ಬೆಳ್ದಿಂಗಳ ರಾತ್ರಿಯನ್ನೆಲ್ಲ ಕಳೆಯಬಹುದು. ಕೋವಿಯು ಈ ವ್ಯತ್ಯಾಸವನ್ನು ಮತ್ತಷ್ಟು ಹೆಚ್ಚಿಸಿತು. ಕೇಪಿನ ಕೋವಿಗೆ ಒಂದು ಗುಂಡು ಹಾರಿದ ಮೇಲೆ ಪುನಃ ಮದ್ದು ಸುರಿದು, ಗಜದಿಂದ ಜಡಿದು, ಕೇಪು ಇಡಬೇಕು. ಕವಲನ್ನು ಒಂದು ಕೈಯಲ್ಲಿ ಹಿಡಿದವನಿಗೆ ಇದು ಸಾಧ್ಯವೇ? ಆದಕಾರಣ ಕೊಂಬೆಯವನದು ಒಂದೇ ಗುಂಡಿನ ಬೇಟೆ.

ನಮ್ಮ ಪ್ರಾಚೀನ ಬರಹಗಳಲ್ಲಿ ಕಾಣುವ ಬೇಟೆ ಹೆಚ್ಚಾಗಿ ನೆಲದ ಬೇಟೆ. ಈಗಿನ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ಕ್ರಿ. ಶ. 949-50ರದು, ಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ನಾಯಿಯ ಸ್ಮಾರಕವದು. ಅದೇ ಶತಮಾನದ ಪಂಪನ ಕಾವ್ಯದಲ್ಲಿ ದೀವದ ಬೇಂಟೆ ಬರುತ್ತದೆ. ಸಾಕಿದ ಮೃಗವನ್ನು ತೋರಿಸಿ ಕಾಡಿನ ಮೃಗವನ್ನು ಬರಮಾಡಿಕೊಳ್ಳುವುದೇ ದೀವ. ಬೇಟೆಗಾರನು ಅಡಗುವ ತಾವಿಗೆ ಹಳಗನ್ನಡದಲ್ಲಿ ತೋಹು ಎಂದು ಹೆಸರು. ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಯೆಯು ರಾಜವಿನೋದಗಳಲ್ಲೊಂದಾಗಿ ವರ್ಣಿತವಾಗಿದೆ. ಅರಸನಿಗೆ ಬೇಟೆಯು ವಿನೋದ. ಮೃಗವನ್ನು ಅವನ ಮುಂದಕ್ಕೆ ತರುವ ಶ್ರಮ ಪರಿವಾರದ್ದು.

ರೈತನ ಅಟ್ಟಣೆಗೆ ಮೂಲವು ಬೇರೆ. ಅದು ಹುಟ್ಟಿದ್ದು ಬೇಟೆಗಾಗಿ ಅಲ್ಲ, ಪೈರಿನ ಕಾವಲಿಗಾಗಿ. ಗದ್ದೆಯ ಅಂಚಿನಲ್ಲಿ, ಕುಮರಿಯ ಬೇಸಾಯವಿದ್ದ ಕಾಲದಲ್ಲಿ ಗುಡ್ಡದ ಓರೆಯಲ್ಲಿ, ತೆನೆ ಬಲಿಯುವ ದಿನಗಳಲ್ಲಿ ಅಟ್ಟಣೆ ಏಳುತ್ತಿತ್ತು. ಕೂಗುವುದಕ್ಕೂ ಕಲ್ಲೆಸೆಯುವುದಕ್ಕೂ ಏರಿದವನು ಒಮ್ಮೊಮ್ಮೆ ಕೋವಿಯನ್ನೂ ಒಯ್ಯುತ್ತಿದ್ದನು. ಮಲೆನಾಡಿನವರು ಹೀಗೆ ಮರೆಯಾಗಿ ಕಾದು ಕೂಡುವುದಕ್ಕೆ ಮರಸು ಎನ್ನುತ್ತಾರೆ. ಮನೆಗೂ ಹೊಲಕ್ಕೂ ಸಮೀಪವಾದ ಈ ಅಟ್ಟಣೆಯು ಆ ನೆಲ ತನ್ನದೆಂಬುದಕ್ಕೆ ಗುರುತೂ ಆಗಿತ್ತು.

ಈ ಸ್ಥಿತಿಯು 19ನೆಯ ಶತಮಾನದಲ್ಲಿ ಬದಲಾಯಿತು. 1799ರಲ್ಲಿ ಕನ್ನಡ ಜಿಲ್ಲೆಯು ಕುಂಪಣಿಯ ವಶವಾಗಿತ್ತು. ಮುಂದೆ ಅದು ಇಬ್ಭಾಗವಾದಾಗ ದಕ್ಷಿಣ ಭಾಗವು ಮದರಾಸು ಪ್ರಾಂತದಲ್ಲಿ ಉಳಿಯಿತು. 1878ರ ಆಯುಧ ಶಾಸನದಿಂದ ಕೋವಿಗೆ ಪರವಾನಗಿ ಬೇಕಾಯಿತು. 1882ರ ಮದರಾಸು ಅರಣ್ಯ ಶಾಸನದಿಂದ ಕಾದಿಟ್ಟ ಕಾಡಿನಲ್ಲಿ ಮರ ಕಡಿಯುವುದೂ ನಿಯಮವನ್ನು ಮೀರಿ ಬೇಟೆಯಾಡುವುದೂ ಅಪರಾಧವಾದವು. ಇದರ ಫಲವನ್ನು ಮರದ ಮೇಲೆಯೇ ಕಾಣಬಹುದು. ಅಟ್ಟಣೆಯು ಸಾಕ್ಷಿಯಾಗಿ ನಿಲ್ಲುವ ವಸ್ತು. ಕಡಿದ ಗಳು, ಕಟ್ಟಿದ ಬಳ್ಳಿ, ತುಳಿದ ದಾರಿ ಎಲ್ಲವೂ ಕಾವಲುಗಾರನ ಕಣ್ಣಿಗೆ ಬೀಳುತ್ತವೆ. ಕಾದಿಟ್ಟ ಕಾಡಿನೊಳಗೆ ಅಟ್ಟಣೆಯು ಪರವಾನಗಿಯುಳ್ಳ ಅಧಿಕಾರಿಗಳಿಗೂ ಅವರ ಅತಿಥಿಗಳಿಗೂ ಸಲ್ಲುವ ಆಸನವಾಯಿತು. ಅದನ್ನು ಕಟ್ಟುವ ಕೂಲಿ ಮಾತ್ರ ಊರವರದು. ಪರವಾನಗಿಯಿಲ್ಲದವನಿಗೆ ಉಳಿದದ್ದು ಕೊಂಬೆ. ಇಳಿದುಹೋದ ಮೇಲೆ ಅದು ಯಾವ ಸಾಕ್ಷಿಯನ್ನೂ ಹೇಳುವುದಿಲ್ಲ. ಕೆನೆತ್ ಆಂಡರ್ಸನ್ನನ ಕಥೆಗಳಿಂದ ಕನ್ನಡ ಓದುಗರಿಗೆ ಪರಿಚಿತವಾದ ಮಚಾನು ಇಂಥ ಪರವಾನಗಿಯ ಕಾಲದ ಅಟ್ಟಣೆಯೇ.

ತುಳುನಾಡಿನ ಕೆಡ್ಡಸದ ಬೇಟೆಯು ಇವೆರಡಕ್ಕೂ ಹೊರಗಿನದು. ಮಕರ ಮಾಸದ ಕೊನೆಯ ಮೂರು ದಿನ ಭೂಮಿತಾಯಿ ರಜಸ್ವಲೆಯಾಗುವಳೆಂಬ ನಂಬಿಕೆಯಿಂದ ಆಗ ನೆಲವನ್ನು ಅಗೆಯಬಾರದು, ಹಸಿ ಮರವನ್ನು ಕಡಿಯಬಾರದು. ಆ ಬಿಡುವಿನ ದಿನಗಳಲ್ಲಿ ಗಂಡಸರು ಕೂಡಿ ಬೇಟೆಗೆ ಹೊರಡುತ್ತಿದ್ದರು. ಹಸಿ ಮರವನ್ನು ಕಡಿಯಬಾರದ ದಿನದಲ್ಲಿ ಹೊಸ ಅಟ್ಟಣೆಯನ್ನು ಕಟ್ಟುವುದೆಲ್ಲಿ? ಅದು ಸೋವುವವರು, ನಾಯಿಗಳು, ಕಂಡಿಯಲ್ಲಿ ನಿಂತವರು ಎಲ್ಲರೂ ಸೇರಿದ ಊರಿನ ಬೇಟೆ. 1432ರಲ್ಲಿ ವೀರಪಾಂಡ್ಯನು ಬಾಹುಬಲಿಯ ಮಹಾವಿಗ್ರಹವನ್ನು ನಿಲ್ಲಿಸಿದ ಕಾರ್ಕಳದ ಸೀಮೆಯಲ್ಲಿ ಅಹಿಂಸೆಯ ಉಪದೇಶವೂ ಈ ಆಚಾರವೂ ಒಂದೇ ನಾಡಿನ ಸಂಪ್ರದಾಯಗಳಾಗಿ ಉಳಿದುಬಂದುವೆಂಬುದನ್ನು ಚರಿತ್ರಕಾರನು ಮರೆಯಲಾಗದು.

ಈಗ ಈ ಆಯ್ಕೆಯೇ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಬೇಟೆಯನ್ನು ಬಿಗಿಯಾಗಿ ನಿರ್ಬಂಧಿಸಿತು. 1991ರ ತಿದ್ದುಪಡಿಯಿಂದ ಬೇಟೆಯ ಪರವಾನಗಿಯ ಪದ್ಧತಿಯೂ ಹೋಯಿತು. ಸೋಮೇಶ್ವರದ ಕಾಡು 1974ರಲ್ಲಿ ಅಭಯಾರಣ್ಯವಾಯಿತು, ಕುದುರೆಮುಖವು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಈ ನಿರ್ಬಂಧವು ಅವಶ್ಯವಾಗಿತ್ತೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಇಲ್ಲದಿದ್ದರೆ ಕೋವಿಯ ಮುಂದೆ ಕಡವೆಯು ಉಳಿಯುತ್ತಿರಲಿಲ್ಲ. ಆದರೆ ಕಾಡಂಚಿನ ರೈತನ ಗದ್ದೆಗೆ ಮೃಗಗಳು ಇಂದಿಗೂ ಇಳಿಯುತ್ತವೆ, ಅವನು ಇಂದಿಗೂ ರಾತ್ರಿ ಎಚ್ಚರವಿರಬೇಕಾಗಿದೆ. ಬೇಟೆಯ ಅಟ್ಟಣೆಯು ಅಳಿದು ಕಾವಲಿನ ಅಟ್ಟಣೆಯು ಉಳಿದಿದೆ. ಹುಟ್ಟಿದ ಕೆಲಸಕ್ಕೇ ಅದು ಹಿಂದಿರುಗಿದೆ. ಅಲ್ಲಿ ಕುಳಿತವನ ಕೈಯಲ್ಲಿ ಕೋವಿ ಬೇಡವೆಂದು ವಿಧಿಸಿದ ಸಮಾಜವು ಅವನ ಪೈರಿನ ನಷ್ಟದಲ್ಲಿ ಪಾಲು ಹೊರುವುದು ನ್ಯಾಯ. ಕಾಡನ್ನು ಕಾಯುವ ಭಾರವು ಅಟ್ಟಣೆಯ ಮೇಲಿನ ಒಬ್ಬನದೇ ಆಗಬಾರದು.